ಕಾಲುವೆ ದಂಡೆಯ ಹೆಸರಿನ ಕಲ್ಲು

ಮರಳಿ, ಗಂಗಾವತಿ ತಾಲೂಕು
೧೮ ನವೆಂಬರ್ ೨೦೨೫

ನಮ್ಮ ರೂಪಾಳ ಅಪ್ಪನಿಗೆ ಶಿವಲೀಲಾ ಮಾಡುವ ನಮಸ್ಕಾರಗಳು.

ನಿಮ್ಮ ಬೆನ್ನುನೋವು ಈಗ ಹೇಗಿದೆ? ಪುಣೆಯಲ್ಲಿ ಚಳಿ ಶುರುವಾಗಿರಬೇಕು. ಮುಂಜಾನೆ ಗಾಡಿ ತೆಗೆಯುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ, ಹೀರೋ ಆಗಲು ಹೋಗಬೇಡಿ. ರೂಪಾಳ ಕೆಮ್ಮು ಹೋಯಿತು, ಬಾಯಿ ಮಾತ್ರ ನಿಮ್ಮಂತೆಯೇ ಜೋರಾಗಿದೆ. ದಿನಾ ಫೋನು ಮಾಡುವ ಗಂಡನಿಗೆ ಕಾಗದ ಯಾಕೆ ಅನ್ನಬೇಡಿ. ಕಾಲುವೆ ದಂಡೆಯ ಕಲ್ಲಿನ ಮಾತು ಎತ್ತಿದಾಗಲೆಲ್ಲ "ಹುಚ್ಚಿ ಅದೀ ನೀ" ಎಂದು ನಕ್ಕು ಫೋನು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆತನಕ ಓದಲೇಬೇಕು.

ನಿಮ್ಮ ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ. ಕಾಲೇಜುಗಳ ಪ್ರಯೋಗಶಾಲೆಗೆ ಗಾಜಿನ ಸಾಮಾನು, ಆಮ್ಲದ ಬಾಟಲಿ ಕಳಿಸುವವರು, ಓದಿದ ಜನ. ಎರಡು ಸಾವಿರದ ನಲವತ್ತರೊಳಗೆ ನಮ್ಮ ಹೊಗೆ ಪೂರ್ತಿ ನಿಲ್ಲಿಸುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ಛಲೋ ಮಾತೇ. ಭಾಗ್ಯನಗರದ ನಿಮ್ಮ ತಂಗಿ ಗೀತಾ ಒಣಹಾಕಿದ ಸೀರೆಯ ಮೇಲೆ ಕೂರುವ ಕಾರ್ಖಾನೆ ಹೊಗೆಯ ಕಪ್ಪನ್ನು ನಾನೂ ನೋಡಿದ್ದೇನೆ. ಆದರೆ ಆ ಡೀಸೆಲ್ ಗಾಡಿ ಇದ್ದಾಗ ನೀವು ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಕಾಲೇಜುಗಳಿಗೆ ಸಾಮಾನು ಇಳಿಸಿ ಹದಿನೈದು ದಿನಕ್ಕೊಮ್ಮೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಿರಿ. ಈಗ ಸಾಮಾನು ರೈಲಿಗೆ ಬರುತ್ತದೆ. ನೀವು ಪುಣೆಯ ಒಳಗೇ ಕರೆಂಟಿನ ಗಾಡಿ ಓಡಿಸುತ್ತೀರಿ. ದೀಪಾವಳಿಗೂ ಬದಲಿ ಡ್ರೈವರ್ ಸಿಗಲಿಲ್ಲ. ಹೊಗೆ ನಿಂತಿತು, ಅದರ ಜೊತೆಗೆ ನೀವೂ ಬರುವುದು ನಿಂತಿತು.

ಡೀಸೆಲ್ ಗಾಡಿ ಬಿಟ್ಟ ಡ್ರೈವರ್‌ಗಳಿಗೆಲ್ಲ ಮರ್ಯಾದೆ ಮಾಡುತ್ತೇವೆಂದು ಕಂಪನಿಯವರು ಅವರವರ ಊರಲ್ಲಿ ಒಂದೊಂದು ಬೇವಿನ ಗಿಡ ನೆಟ್ಟರಲ್ಲ, ನಿಮ್ಮದು ಕಾಲುವೆ ದಂಡೆಯ ಮೇಲೆ ಚೆನ್ನಾಗಿ ಚಿಗುರಿದೆ. ತಪ್ಪು ಗಿಡದ್ದಲ್ಲ, ಅದರ ಬುಡದಲ್ಲಿ ನಿಲ್ಲಿಸಿದ ಕರಿಕಲ್ಲಿನದು. ಮೇಲೆ ನಿಮ್ಮ ಹೆಸರು, ಕೆಳಗೆ ಗಿಡ ನೆಟ್ಟ ತಾರೀಖು. ಕರಿಕಲ್ಲಿನ ಮೇಲೆ ಒಂದು ಹೆಸರು, ಒಂದೇ ತಾರೀಖು ಇದ್ದರೆ ನಮ್ಮ ಕಡೆಯ ಜನ ಏನೆಂದು ತಿಳಿಯುತ್ತಾರೆ, ನೀವೇ ಹೇಳಿ. ಗದ್ದೆಗೆ ಹೋಗುವ ಹೆಂಗಸರು ಕೈಮುಗಿಯತೊಡಗಿದರು. ಯಾರೋ ವಿಭೂತಿ ಹಚ್ಚಿದರು. ಆಡು ಮೇಯಿಸುವ ಹುಸೇನಬೀ ಬಂದು ಹೇಳಿದಾಗ ನಾನು ಹೊಟ್ಟೆ ಹಿಡಿದು ನಕ್ಕೆ.

ಅತ್ತೆ ನಗಲಿಲ್ಲ. ನಿಮ್ಮ ಅವ್ವನಿಗೆ ಈಚೆಗೆ ನೆನಪು ಜಾರುವುದು ನಿಮಗೆ ಗೊತ್ತೇ ಇದೆ. ಒಂದು ಸಂಜೆ ಆ ಕಲ್ಲು ನೋಡಿ ಬಂದು ಜಗುಲಿಯ ಮೇಲೆ ಕೂತು, "ನನಗ ಯಾಕ ಹೇಳಲಿಲ್ಲವ್ವ?" ಎಂದರು. ಎಷ್ಟು ತಿಳಿಹೇಳಿದರೂ ಕಲ್ಲಿನ ಮೇಲೆ ನೀರು ಸುರಿದಂತಾಯಿತು. ನಿಮ್ಮ ಫೋನು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. "ಸತ್ತ ಮಗನ ದನಿ ಕೇಳಬಾರದು, ಅವನ ಜೀವಕ್ಕ ಶಾಂತಿ ಸಿಗೂದಿಲ್ಲ" ಅನ್ನುತ್ತಾರೆ. ವಿಡಿಯೋದಲ್ಲಿ ನಿಮ್ಮ ಮುಖ ತೋರಿಸಿದರೆ, "ಸತ್ತೋರ ಫೋಟೋನೂ ನಗತಾವ" ಎಂದು ಕಣ್ಣೊರೆಸಿಕೊಂಡರು. ದಿನವೂ ಹೊತ್ತು ಮುಳುಗುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಅಲ್ಲಿ ಎಡೆ ಇಟ್ಟು ಬರುತ್ತಾರೆ. ತಾವು ಮಾತ್ರ ಸರಿಯಾಗಿ ಉಣ್ಣುವುದಿಲ್ಲ, ಅರ್ಧ ಆಗಿದ್ದಾರೆ. ಕಲ್ಲು ಕೀಳಿಸಲು ಹೋದರೆ ಅದನ್ನು ತಬ್ಬಿ ಕೂತುಬಿಟ್ಟರು. "ಇದೊಂದಾದ್ರೂ ಇರ್ಲಿ ಬಿಡವ್ವ" ಎಂದರು. ನನ್ನ ಕೈ ಬರಲಿಲ್ಲ.

ನನಗೂ ಈಗ ಹೆದರಿಕೆಯಾಗುತ್ತಿದೆ, ಮುಚ್ಚಿಡುವುದೇನು? ಮೊನ್ನೆ ಅತ್ತೆಯನ್ನು ಕರೆತರಲು ಹೋದಾಗ ಭತ್ತ ಕೊಯ್ಯಲು ಬಂದ ಪರ ಊರಿನ ಹೆಂಗಸೊಬ್ಬಳು ಅಲ್ಲಿ ನಿಂತಿದ್ದಳು. "ಪಾಪ, ಸಣ್ಣ ವಯಸ್ಸಿನ್ಯಾಂವ ಇದ್ದನಂತ. ನಿಮಗ ಗುರ್ತಿನಾಂವೇನವ್ವ?" ಎಂದು ಕೇಳಿದಳು. ನನ್ನ ಗಂಡ, ಗಟ್ಟಿಮುಟ್ಟಾಗಿ ಇದ್ದಾನೆ ಎಂದು ಬಾಯಿ ಮಾಡಬೇಕಿತ್ತು. ಬಾಯಿ ಮಾಡುವುದರಲ್ಲಿ ನಾನೇನು ಕಡಿಮೆಯೇ? ಆದರೆ ಗಾಳಿಗೆ ಆ ಬೇವಿನ ಎಲೆ ಅಲ್ಲಾಡುತ್ತಿತ್ತು, ಕಲ್ಲಿನ ಮೇಲೆ ನಿಮ್ಮ ಹೆಸರು ವಿಭೂತಿಯಲ್ಲಿ ಬೆಳ್ಳಗಾಗಿತ್ತು. "ಹೂಂ, ಗುರ್ತಿನವರೇ ಇದ್ದರು" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ತಿಳಿಯದು. ಅತ್ತೆಯ ಕೈ ಹಿಡಿದು ಬಿರಬಿರನೆ ಮನೆಗೆ ಬಂದೆ.

ರಜೆ ಕೇಳಿ. ಕೊಡದಿದ್ದರೆ ಜಗಳ ಮಾಡಿ ಬನ್ನಿ. ಬರುವ ಗಾಡಿಗೂ ಹೊಗೆಯ ಲೆಕ್ಕ ಹಾಕುತ್ತಾರಾದರೆ ನನ್ನ ತಲೆಯ ಮೇಲೆ ಬರೆದುಕೊಳ್ಳಲಿ. ಅತ್ತೆ ನಿಮ್ಮ ಮುಖ ಸವರಿ ನೋಡಬೇಕು, ನಿಮ್ಮ ಬೆವರಿನ ವಾಸನೆ ಅವರ ಮೂಗಿಗೆ ತಾಗಬೇಕು. ಬೇರೆ ಮದ್ದಿಲ್ಲ.

ರೂಪಾ ನಿಮಗೆ ಮುತ್ತು ಕಳಿಸಿದ್ದಾಳೆ. ಹುಸೇನಬೀ ಸಲಾಂ ಹೇಳಿದ್ದಾಳೆ. ಅತ್ತೆಯ ಆಶೀರ್ವಾದವನ್ನು ನೀವೇ ಬಂದು ಕಾಲಿಗೆ ಬಿದ್ದು ತೆಗೆದುಕೊಳ್ಳಿ.

ನಿಮ್ಮ
ಶಿವಲೀಲಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆಯುತ್ತೇನೆ. ಇವತ್ತು ತಲೆ ಮೇಲೆ ನೀರು ಹಾಕಿಕೊಂಡ ಮೇಲೆ ಹಣೆಗೆ ಕುಂಕುಮ ಇಡುವುದನ್ನೇ ಮರೆತೆ. ಮಧ್ಯಾಹ್ನದವರೆಗೆ ಹಾಗೆಯೇ ಓಡಾಡಿದ್ದೇನೆ. ಮೊದಲಾಗಿದ್ದರೆ ಅತ್ತೆ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಇವತ್ತು ನನ್ನ ಹಣೆ ನೋಡಿದರು. ಹತ್ತಿರ ಕರೆದು ತಲೆ ನೇವರಿಸಿದರು. ನಾನೂ ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಬೇಗ ಬರ್ರಿ.