ಅರ್ಧಕ್ಕೆ ನಿಂತ ಚಾವಣಿ

ಮನೆಯಿಂದ
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಗುಂಡು,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬ್ಲೀಚಿಂಗ್ ನೀರಿಗೆ ಬಿರಿದಿದ್ದ ನಿನ್ನ ಅಂಗೈ ವಾಸಿಯಾಯಿತೇ? ನೀನು ಲಾರಿ ಶೆಡ್ಡಿನಲ್ಲಿ ಮಲಗುತ್ತಿದ್ದೀಯೆಂದು ನಿನ್ನ ಡ್ರೈವರ್ ಗೆಳೆಯ ನಿನ್ನೆ ಬಂದು ಹೇಳಿದ, ವಿಳಾಸವನ್ನೂ ಬರೆದುಕೊಟ್ಟ. ಅಮ್ಮ ಇಪ್ಪತ್ತು ದಿನಗಳ ಮೇಲೆ ಹೊಟ್ಟೆತುಂಬ ಉಂಡಳು. "ಆ ಕತ್ತೆ ಬದುಕಿದಾನಲ್ಲ, ಸಾಕು" ಅಂದಳು.

ಭಾವ ಟೀಚರಮ್ಮನ ಮನೆಯ ಚಾವಣಿಯಿಂದ ಬಿದ್ದ ದಿನ ಸಂಜೆಯೇ ನೀನು ಹೊರಟುಹೋದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಉಸಿರಾಡುತ್ತಿದ್ದರು, ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯದು ಗುಂಡು. ಅಕ್ಕ ಒಮ್ಮೆಯೂ ಅತ್ತಿಲ್ಲ. ಭಾವನ ರಬ್ಬರ್ ಬೂಟುಗಳನ್ನು ತೊಳೆದು ಒಣಗಿಸುತ್ತಾಳೆ, ಮತ್ತೆ ತೊಳೆಯುತ್ತಾಳೆ. ಮೊದಮೊದಲು ಕೂತಲ್ಲಿ ನಿಂತಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಹಗ್ಗ ಯಾರ ಕೈಲಿತ್ತು?"

"ಉಳಿದದ್ದು ಹಾಗೇ ಇರಲಿ ಬಿಡಪ್ಪ, ಮತ್ತೆ ಹತ್ತಬೇಡ" ಎಂದು ಟೀಚರಮ್ಮ ಕೈಮುಗಿದರು. ಆದರೆ ಪಾಚಿ ತೆಗೆಯುವುದು ಅರ್ಧಕ್ಕೇ ನಿಂತ ಅವರ ಚಾವಣಿ ಅರ್ಧ ಕೆಂಪಗೆ, ಅರ್ಧ ಹಸಿರಾಗಿ ಬೀದಿಗೆಲ್ಲ ಕಾಣುತ್ತಿತ್ತು. ಅದನ್ನು ದಾಟಿ ಹೋಗಲು ನನ್ನಿಂದ ಆಗಲಿಲ್ಲ. ಸೋಮವಾರ ಒಬ್ಬನೇ ಹತ್ತಿದೆ. "ಹೆಂಚು ಚಳಿಗೆ ಶಾಲು ಹೊದ್ಕೊಂಡಿದೆ ಕಣ್ರೋ, ಮೆಲ್ಲಗೆ ತೆಗೀರಿ" ಎಂದು ಭಾವ ನಗಿಸುತ್ತಿದ್ದರಲ್ಲ, ಆ ಪಾಚಿ ಅವತ್ತು ಕುರಿತುಪ್ಪಟದ ಹಾಗೆ ಕಿತ್ತು ಬರುತ್ತಿತ್ತು. ಅವರು ಜಾರಿದ ಜಾಗದಲ್ಲಿ ನಾಲ್ಕು ಬೆರಳಿನ ಗೀರು ಅಂಚಿನವರೆಗೂ ಹಾಗೇ ಉಳಿದಿತ್ತು. ಅಷ್ಟನ್ನು ಉಜ್ಜುವುದರಲ್ಲಿ ನನಗೆ ಮಧ್ಯಾಹ್ನವಾಯಿತು.

ಭಾವ ಬಿದ್ದ ದಿನ ನಾನು ನಲ್ಲಿಯ ಬಳಿ ಬಕೆಟ್ ತುಂಬಿಸುತ್ತಾ ಎಲ್ಲವನ್ನೂ ಕಂಡಿದ್ದೆ. ಕಣ್ಣಿಗೆ ಸಿಡಿದ ಬ್ಲೀಚಿಂಗ್ ಒರೆಸಿಕೊಳ್ಳಲು ನೀನು ಭಾವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಟ್ಟೆ. ಕಣ್ಣು ಉರಿದರೆ ಯಾರ ಕೈಯಾದರೂ ಕಣ್ಣಿಗೇ ಹೋಗುತ್ತದೆ. ಹಗ್ಗವನ್ನು ಮರಕ್ಕೆ ಸುತ್ತಿ ಗಂಟು ಹಾಕಿ ಕೊಡಬೇಕಾದವನು ನಾನು. "ಒಂದು ಗಂಟೆ ಕೆಲಸ, ಕೈಲೇ ಹಿಡ್ಕೋ" ಎಂದವನೂ ನಾನೇ. ಇದನ್ನು ನೀನು ಮರೆತಿರಬಹುದು, ನಾನು ಮರೆಯುವುದಿಲ್ಲ.

ಅಮ್ಮ ನಿನ್ನ ತಲೆ ನೇವರಿಸಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಕಡೆ ನಿಗಾ ಇರಲಿ.

ನಿನ್ನ ಅಣ್ಣ

ಇನ್ನೊಂದು ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹಗ್ಗ ನನ್ನ ಕೈಲಿತ್ತೆಂದು ಅಕ್ಕನಿಗೆ ಹೇಳಿಬಿಟ್ಟಿದ್ದೇನೆ. ಆವತ್ತಿನಿಂದ ಅವಳು ನನ್ನ ಮುಖ ನೋಡುತ್ತಿಲ್ಲ, ಬಾಗಿಲ ಸದ್ದಾದರೆ ಮಾತ್ರ "ಗುಂಡು ಬಂದನಾ?" ಅನ್ನುತ್ತಾಳೆ. ನೀನು ಬಾ. ಬಂದು ಏನನ್ನೂ ತಿದ್ದಲು ಹೋಗಬೇಡ. ನಮ್ಮಿಬ್ಬರಲ್ಲಿ ಒಬ್ಬರಾದರೂ ಅವಳಿಗೆ ಉಳಿಯಬೇಕು. ಓದಿದ ಮೇಲೆ ಈ ಕಾಗದ ಹರಿದುಹಾಕು, ಜೊತೆಗೆ ತರಬೇಡ.