ಫೋನು ಹೇಳಿದ ಕುರಿ ಲೆಕ್ಕ

ಅಣ್ಣಾ ಮೈಲಾರಪ್ಪ,

ಸತ್ತ ಮೇಲೂ ನೀನು ಮಾತಾಡುತ್ತಿದ್ದೀಯ, ಗೊತ್ತೇನು? ಬದುಕಿದ್ದಾಗ ಎರಡು ಸಲ ಕೆಮ್ಮಿ, ಒಂದು ಸಲ ಉಗುಳಿ, ಆಮೇಲೆ ಬಾಯಿ ಬಿಡುತ್ತಿದ್ದವನು ಈಗ ಪಟಪಟ ಅನ್ನುತ್ತೀಯ. ಅದೂ ಸೋಲಾರ್ ಕಂಪನಿಯ ಪರವಾಗಿ!

ಕುರಿ ಕೊಳ್ಳಲು ನಿನ್ನ ಹಟ್ಟಿಗೆ ಮೊದಲ ಸಲ ಬಂದ ದಿನ ನೆನಪಿಗೆ ಬರುತ್ತದೆ. ನಾನು ಆಗ ಕೊಟ್ಟೂರಿನ ಹುಡುಗ, ಲೆಕ್ಕದ ಚಟ ಬೇರೆ. ಬೆರಳು ತೋರಿಸಿ ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ನಿನ್ನ ಟವೆಲ್ಲು ನನ್ನ ಕೈಮೇಲೆ ಬಿತ್ತು. “ಎಣಸಬ್ಯಾಡಲೇ, ದೃಷ್ಟಿ ಆಗ್ತೈತಿ!” ಹೋಗಲಿ, ಎಷ್ಟು ಕುರಿ ಇವೆ ಎಂದು ಬಾಯಲ್ಲಾದರೂ ಹೇಳು ಅಂದರೆ, “ಅದಾವ ಒಂದಿಷ್ಟು” ಅಂದೆ. ಎಷ್ಟೋ ವರ್ಷ ವ್ಯಾಪಾರ ಮಾಡಿದರೂ ನಿನ್ನ ಬಾಯಿಂದ ನನಗೆ ಸಿಕ್ಕ ಲೆಕ್ಕ ಅದೊಂದೇ. ನಿನ್ನ ಬೆನ್ನ ಹಿಂದೆ ನಾನು ಕಣ್ಣಲ್ಲೇ ಎಣಿಸುತ್ತಿದ್ದೆ. ನಾನು ಎಣಿಸುತ್ತೇನೆ ಎಂಬುದು ನಿನಗೂ ಗೊತ್ತಿತ್ತು, ಅಲ್ಲವೇ?

ಕಾನಹೊಸಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದೆ. ಪಕ್ಕದ ಬೆಂಚಿನವನ ಫೋನಿನಿಂದ ನಿನ್ನ ದನಿ ಬಂತು. ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿಯಿತು. “ನಾನು ಮೈಲಾರಪ್ಪ ಮಾತಾಡಾದು. ಗುಡ್ಡದ ಗೋಮಾಳ ಸೋಲಾರಿಗೆ ಕೊಟ್ಟುಬಿಡ್ರಿ. ಮೊದ್ಲು ನಾನೂ ಬ್ಯಾಡ ಅಂದಿದ್ದೆ, ತಪ್ಪಾತು. ನನ್ನ ಇನ್ನೂರ ನಲವತ್ತು ಕುರಿ ಮೇಸಿ ನಾನೇನು ಬಂಗ್ಲೆ ಕಟ್ಟಿದ್ನೇನು? ನಿಮ್ಮ ಮಕ್ಕಳಿಗೆ ನೌಕರಿ ಸಿಗ್ತೈತಿ.” ಅದೇ ಗಂಟಲು, ಎಲೆಅಡಿಕೆ ತುಂಬಿದ ಅದೇ ನಾಲಗೆ. ಸಾಯುವ ಮುಂಚೆ ನೀನೇ ರೆಕಾರ್ಡ್ ಮಾಡಿಟ್ಟದ್ದು ಎಂದು ಕೆಳಗೆ ಬರೆದಿದ್ದರು. “ಹೋಗೋ ಟೈಮಿಗೆ ಬುದ್ಧಿ ಬಂತು ನೋಡ್ರಿ ಮನುಷ್ಯಾಗ” ಅಂದ ಬೆಂಚಿನವನು. ಅವನ ಮೋರೆಯನ್ನೇ ನೋಡಿದೆ. ಇವನೇ ಹರಡುತ್ತಿದ್ದಾನೆಯೇ? ಆ ದಿನದಿಂದ ಯಾರ ಮೋರೆ ನೋಡಿದರೂ ಅದೇ ಅನುಮಾನ.

ಅಷ್ಟರಲ್ಲಿ ಅದು ನನ್ನ ಫೋನಿಗೂ ಬಂದಿತ್ತು; ಹಿಡಿದುಕೊಂಡು ನಿನ್ನ ಮನೆಗೆ ಹೋದೆ. ಗಾಳೆವ್ವ ಅತ್ತಿಗೆಗೆ ಅದನ್ನು ಕೇಳಿಸುವುದೋ ಬೇಡವೋ ಅಂದುಕೊಳ್ಳುತ್ತಲೇ ಒತ್ತಿಬಿಟ್ಟೆ. ಕಟ್ಟೆಯ ಕೆಳಗೆ ಮಲಗಿದ್ದ ನಿನ್ನ ಕರಿನಾಯಿ ಥಟ್ಟನೆ ಎದ್ದು, ಬಾಲ ಆಡಿಸುತ್ತ ಬಾಗಿಲ ತನಕ ಹೋಗಿ ಬೀದಿ ನೋಡಿತು. ಅಣ್ಣಾ, ನಾನು ನಿಜಕ್ಕೂ ಹೆದರಿದ್ದು ಆಗ. ಮನುಷ್ಯರು ದುಡ್ಡಿಗೆ, ಮುಲಾಜಿಗೆ ನಂಬಿಯಾರು. ನಾಯಿಗೆ ಏನಾಗಬೇಕಿತ್ತು? ಅತ್ತಿಗೆ “ಇನ್ನೊಮ್ಮಿ ಹಚ್ಚು” ಅಂದಳು. ಮತ್ತೆ ಕೇಳಿ, “ದನಿ ಅವಂದ ಐತಿ” ಅಂದಳು. “ಮಾತು?” ಅಂದೆ. ಚಾ ಇಡಲು ಒಳಗೆ ಹೋದಳು.

ಮದುವೆ ವಿಡಿಯೋ ಮಾಡುವ ಸ್ಟುಡಿಯೋದವನನ್ನು ವಿಚಾರಿಸಿದೆ. “ಇದೇನ್ ದೊಡ್ಡ ವಿದ್ಯೆ ಅಲ್ಲರಿ ಸಾವ್ಕಾರ್ರ. ಸ್ವಲ್ಪ ದನಿ ಕೊಟ್ರೆ ಸಾಕು, ಕಂಪ್ಯೂಟರ್ ಕಲ್ತು ಏನ್ ಬೇಕಾದ್ರೂ ಮಾತಾಡ್ತೈತಿ. ನಿಮ್ದೂ ಮಾಡ್ಲೇನು?” ನಾನು ಬಾಯಿ ಮುಚ್ಚಿಕೊಂಡು ಎದ್ದು ಬಂದೆ! ನಿನ್ನ ದನಿಗೇನು ಬರವೇ? ಬರೆಯಲು ಬಾರದ ನೀನು ಫೋನಿನಲ್ಲಿದ್ದ ಕುರಿ ವ್ಯಾಪಾರದ ಗುಂಪಿಗೆ ಎಲ್ಲವನ್ನೂ ಬಾಯಲ್ಲೇ ಕಳಿಸುತ್ತಿದ್ದೆ. ಅದು ನೂರು ಜನರ ಫೋನಿನಲ್ಲಿದೆ. ಕಂಪನಿಯವರು ನಾವಲ್ಲ ಅಂದರು. ಅವರ ಪರ ಇದ್ದ ಪಂಚಾಯ್ತಿ ಮೆಂಬರು ನಾನಲ್ಲ ಅಂದ. ಹಾಗಾದರೆ ಗುಡ್ಡದ ಗಾಳಿ ಬಂದು ಮಾತಾಡಿತೇನು? ಚಾ ಅಂಗಡಿಯಲ್ಲಿ ಇದೇ ಜಗಳ. ಸತ್ತವನ ದನಿ ಯಾರ ಆಸ್ತಿ? ಹೆಂಡತಿಯದೋ, ಫೋನಿನಲ್ಲಿ ಇಟ್ಟುಕೊಂಡವರದೋ? ಸತ್ತವನು ಠಾಣೆಗೆ ಹೋಗಿ ದೂರು ಕೊಡಲಾದೀತೇ? ದನಿ ಯಾರದಾದರೇನು, ಮಾತು ಒಳ್ಳೆಯದಿದ್ದರೆ ಸಾಲದೇ ಅನ್ನುವವರೂ ಇದ್ದರು. ಅಂಥವರಿಗೆ ಗುಡ್ಡದಲ್ಲಿ ಮೇಯುವ ಒಂದು ಮರಿಯೂ ಇರಲಿಲ್ಲ ಅನ್ನುವುದನ್ನು ನಾನು ಗಮನಿಸದೆ ಇರುತ್ತೇನೆಯೇ?

ಗೋಮಾಳ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಗ್ರಾಮಸಭೆಗೆ ಎರಡು ದಿನ ಇದ್ದಾಗ ನಿನ್ನ ಚಿಗವ್ವನ ಮಗ ಹನುಮಂತ ಬಂದ. ಗೋಮಾಳ ಹೋದರೆ ಅವನ ಹಿಂಡಿಗೆ ಹಿಡಿ ಹುಲ್ಲಿಲ್ಲ, ನಿನಗೆ ಗೊತ್ತಲ್ಲ.

“ಸಾವ್ಕಾರ, ನಿನ್ನ ಫೋನ್ನಾಗ ಅಣ್ಣನ ದನಿ ರಾಶಿ ಐತಿ. ನಾವೂ ಒಂದು ಮಾಡ್ಸೋಣು. ಕೊಡಬ್ಯಾಡ್ರಿ ಅನ್ನಂಗ. ಅವ ಖರೇನ ಹಂಗ ಅಂತಿದ್ದ, ಸುಳ್ಳೇನು?”

ಸುಳ್ಳಲ್ಲ. ಹಾಗಾಗಿಯೇ ಆಸೆಯಾಯಿತು. ಒಂದು ಗುಂಡಿ ಒತ್ತಿದರೆ ನಿನ್ನ ನಿಜ ಅಭಿಪ್ರಾಯ ನಿನ್ನದೇ ದನಿಯಲ್ಲಿ... ಆಮೇಲೆ?

“ಬ್ಯಾಡಲೇ. ಇವತ್ತು ನಾವು ಮಾತಾಡಿಸ್ತೀವಿ, ನಾಳೆ ಅವ್ರು ಮತ್ತೊಂದು ಮಾತಾಡಿಸ್ತಾರ. ಸತ್ತ ಮನುಷ್ಯನ್ನ ಎರಡೂ ಪಾರ್ಟಿಗೆ ಕೂಗಾಕ ಹಚ್ತೀಯೇನು?”

“ಸೋತ್ರೆ ಕುರಿ ಎಲ್ಲಿ ಮೇಸ್ಲಿ? ನಿನ್ನ ಅಂಗಳದಾಗೇನು?” ಎಂದು ಟವೆಲ್ಲು ಕೊಡವಿ ಹೋದ.

ಸಭೆಯ ದಿನ ಮೆಂಬರು ಸ್ಪೀಕರಿನಲ್ಲಿ ನಿನ್ನ ದನಿ ಹಚ್ಚಿದ. ಮುದುಕರು ಕೈಮುಗಿದರು. ನಮ್ಮ ಕಡೆಯವರೇ ತಲೆ ತಗ್ಗಿಸಿದರು. ಮುಗಿಯಿತು ಅಂದುಕೊಂಡೆ. ಆಗ ಹೆಂಗಸರ ಸಾಲಿನಿಂದ ಗಾಳೆವ್ವ ಎದ್ದಳು.

“ಕುರಿ ಅಂದಾನಲ್ಲ, ಅದನ್ನ ಇನ್ನೊಮ್ಮಿ ಹಚ್ರಿ.” ಹಚ್ಚಿದರು. “ಎಷ್ಟಂದ?”

“ಇನ್ನೂರ ನಲವತ್ತು” ಅಂದ ಮೆಂಬರು.

“ಇಲ್ಲಿ ಕುರಿ ಕಾಯೋರು ಎಷ್ಟು ಮಂದಿ ಕುಂತೀರಿ. ಹಿಂಡಿನ ಲೆಕ್ಕ ಯಾರರ ಬಾಯಿಬಿಟ್ಟು ಹೇಳೀರೇನು? ಸಂಗಾಟ ಬಾಳೇವು ಮಾಡಿದ ನನಗ ಹೇಳ್ಲಿಲ್ಲ ಆ ಪುಣ್ಯಾತ್ಮ. ಈ ಡಬ್ಬಿಗೆ ಹೇಳ್ಯಾನೇನು?”

ಮೊದಲು ನಕ್ಕವನು ಹನುಮಂತ. ಆಮೇಲೆ ಇಡೀ ಸಭೆ. ಆಮೇಲೆ ಬೈಗುಳ, ಗದ್ದಲ. ಗೋಮಾಳ ಕೊಡುವ ಠರಾವು ಮುಂದಕ್ಕೆ ಹೋಯಿತು. ನಾಚಿಕೆಯಾದದ್ದು ನನಗೆ. ಟವೆಲ್ಲಿನ ಪೆಟ್ಟು ತಿಂದವನು ನಾನು. ಅಷ್ಟು ಸಲ ಕೇಳಿಯೂ ಆ ಸಂಖ್ಯೆ ನನ್ನ ಕಿವಿಗೆ ಚುಚ್ಚಲೇ ಇಲ್ಲ. ದಿನವೆಲ್ಲ ಸಂಖ್ಯೆಯಲ್ಲೇ ಬದುಕುವವನಿಗೆ ಅದು ಸಹಜವಾಗಿಯೇ ಕೇಳಿಸಿತ್ತು.

ಗೆದ್ದೆವು ಅನ್ನಲಾರೆ. ಗೋಮಾಳ ಸದ್ಯಕ್ಕೆ ಉಳಿದಿದೆ. ಆದರೆ ಎಲ್ಲಿ ತಪ್ಪಿತು ಎಂದು ತುಂಬಿದ ಸಭೆಯಲ್ಲಿ ನಾವೇ ಹೇಳಿಕೊಟ್ಟೆವಲ್ಲ? ಮುಂದಿನ ಸಲ ನೀನು ಬಂದರೆ ಲೆಕ್ಕ ಹೇಳುವುದಿಲ್ಲ, ಎರಡು ಸಲ ಕೆಮ್ಮಿಯೇ ಶುರುಮಾಡುತ್ತೀಯ. ಆಗ ಗಾಳೆವ್ವ ಏನು ಹೇಳಬೇಕು?

ಅವಳು ಒಂದೇ ಒಂದು ಕೇಳಿದಳು, ಅವನದು ಖರೇ ದನಿ ಇದ್ದರೆ ಕೊಡು ಅಂತ. ಒಂದು ಸಲ ನೀನು ರೆಕಾರ್ಡಿನ ಗುಂಡಿ ಬಿಡುವುದನ್ನು ಮರೆತು ಕಳಿಸಿದ್ದು ನನ್ನಲ್ಲಿತ್ತು. ಮಾತಿಲ್ಲ; ಕುರಿ ಕರೆಯುವ ನಿನ್ನ ಹುರ್ರ್ ಹುರ್ರ್, ಗಂಟೆ ಸದ್ದು, ಗಾಳಿ. ಅದನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಬೇರೆ ಯಾರಿಗೂ ಕೊಡುವುದಿಲ್ಲ, ಇದು ನನ್ನ ಮಾತು.

ಒಂದು ಹೇಳಲು ಮರೆತಿದ್ದೆ. ಸಭೆ ಮುಗಿದ ಮೇಲೆ ಕಂಪನಿಯ ಹುಡುಗ ನಗುತ್ತ ಬಂದ. “ವ್ಯಾಪಾರ ಮಾಡಿದವರು ನೀವೇ ಅಲ್ವಾ ಸರ್, ನಿಜವಾಗ್ಲೂ ಎಷ್ಟಿದ್ವು?” ಅಂದ. ಅವನ ಅಂಗಿ ಜೇಬಿನಲ್ಲಿ ರೆಕಾರ್ಡಿಗೆ ಹಚ್ಚಿಟ್ಟ ಫೋನಿನ ದೀಪ ಉರಿಯುತ್ತಿತ್ತು. ಲೆಕ್ಕ ನನ್ನ ನಾಲಗೆ ತುದಿಯಲ್ಲೇ ಇತ್ತು, ಅಣ್ಣಾ. ಎರಡು ಸಲ ಕೆಮ್ಮಿ, ಒಂದು ಸಲ ಉಗುಳಿ, ಹೇಳಿದೆ:

“ಅದಾವ ಒಂದಿಷ್ಟು.”