ಸಾರಿಸದೆ ಬಿಟ್ಟ ಎರಡು ಗೆರೆ

ಬೆಳುವಾಯಿ
ದೀಪಾವಳಿ ಪರ್ಬ ಕಳೆದ ಮರುದಿನ, ೧೯೬೩

ಪ್ರೀತಿಯ ಅತ್ತೆಯವರಿಗೆ,

ಓದಲು ಬಾರದ ನಿಮಗೆ ಕಾಗದ ಬರೆಯಲು ಕೂತ ನನ್ನನ್ನು ಕಂಡಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ನನಗೆ ಗೊತ್ತು. "ಈ ವಿನೋದಾಳಿಗೆ ಬೇರೆ ಕೆಲಸ ಇಲ್ವಾ?" ಕೆಲಸವೆಲ್ಲ ಮುಗಿದಿದೆ ಅತ್ತೆ. ಅಂಗಳ ಸಾರಿಸಿ, ಕೈ ತೊಳೆದು, ಜಗಲಿಯಲ್ಲಿ ಕೂತಿದ್ದೇನೆ. ನಿಮ್ಮ ಮಗ ಗದ್ದೆಯ ಕಡೆ ಹೋಗಿದ್ದಾರೆ, ಮೊಮ್ಮಗಳು ಒಳಗೆ ಮಲಗಿದ್ದಾಳೆ. ಹಸಿ ಸೆಗಣಿಯ ವಾಸನೆಗೋ ಮಧ್ಯಾಹ್ನದ ಬಿಸಿಲಿಗೋ ಕಣ್ಣು ತಾನಾಗಿ ಮುಚ್ಚುತ್ತದೆ. ಮುಚ್ಚಿದರೆ ನೀವೇ ಕಾಣುತ್ತೀರಿ, ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡು ಕೋಳಿಗಳಿಗೆ ಬೈಯುತ್ತಾ.

ನೀವಿಲ್ಲದೆ ನಾನು ಸಾರಿಸಿದ ಮೊದಲ ಅಂಗಳ ಇದು. ನಿಮ್ಮ ಕಾಲದಲ್ಲಿ ನನ್ನ ಕೈಗೆ ಸೆಗಣಿ ನೀರಿನ ಬಾಲ್ದಿ ಸಿಕ್ಕಿದ್ದೇ ಅಪರೂಪ. ಮಳೆ ಬಿಟ್ಟ ಮೇಲೆ ನೆಲ ಕೆತ್ತಿಸಿ, ಬಡಿಸಿ, ಹದ ನೋಡಿ ಸಾರಿಸುವ ಆ ಕೆಲಸವನ್ನು ನೀವು ಯಾರನ್ನೂ ನಂಬಿ ಬಿಡುತ್ತಿರಲಿಲ್ಲ. ನೀರು ಚೆಲ್ಲಿದರೆ ಯಾವ ಕಡೆಗೂ ಹರಿಯದೆ ಇದ್ದಲ್ಲೇ ಯೋಚನೆ ಮಾಡುತ್ತಾ ನಿಲ್ಲಬೇಕು, ಅಷ್ಟು ಸಮ. ಭತ್ತ ಬಂದು ಬೀಳುವವರೆಗೆ ಅಲ್ಲಿ ಕಾಲಿಟ್ಟವನು ಪಟೇಲನಾದರೂ ಸರಿ, ನಿಮ್ಮ ಬಾಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಅಂಥ ಅಂಗಳಕ್ಕೆ ಕಾರು ಬಂದ ದಿನವನ್ನು ಇವತ್ತು ನಿಮಗೆ ನೆನಪಿಸಬೇಕು ಅನ್ನಿಸಿತು.

ಮಂಗಳೂರಿನ ಹಂಚಿನ ಕಾರ್ಖಾನೆಯ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಮಾರಿದ ಕಾರು ಅದು. ಹೆಚ್ಚುಕಡಿಮೆ ನನ್ನದೇ ಪ್ರಾಯ. ನಿಮ್ಮ ಮಗ ಅದನ್ನು ತಂದ ದಿನದಿಂದ ನೀವು ಅದಕ್ಕಿಟ್ಟ ಹೆಸರು "ತಗಡು". ನಾನು ಈ ಮನೆಗೆ ಬಂದ ವರ್ಷ, ಐದು ತಿಂಗಳ ಬಸುರಿಯಾಗಿದ್ದಾಗ, ಸಿದ್ಧಕಟ್ಟೆಯ ಹತ್ತಿರದ ತಿರುವಿನಲ್ಲಿ ನಿಮ್ಮ ಮಗ ಓಡಿಸುತ್ತಿದ್ದ ತಗಡು ಎಡಕ್ಕೆ ಎಳೆದು ಸೀದಾ ಗದ್ದೆಗೆ ಇಳಿಯಿತು. ಕಾರಿಗೆ ಏನೂ ಆಗಲಿಲ್ಲ. ನನಗೂ ಏನೂ ಆಗಲಿಲ್ಲ ಎಂದೇ ನಾವು ಅಂದುಕೊಂಡೆವು. ಎರಡು ದಿನ ಬಿಟ್ಟು ಹೊಟ್ಟೆಯಲ್ಲಿದ್ದ ಮಗು ಹೋಯಿತು.

ಕಾರಣ ಅದೇ ಹೌದೋ ಅಲ್ಲವೋ ದೇವರಿಗೇ ಗೊತ್ತು. ನೀವು ನನ್ನನ್ನು ಒಂದು ಮಾತು ಅನ್ನಲಿಲ್ಲ, ಮಗನನ್ನೂ ಅನ್ನಲಿಲ್ಲ. ಕಾರಿಗೆ ಮಾತ್ರ ಹಿಡಿಶಾಪ ಹಾಕಿದಿರಿ. ಅದು ಹಟ್ಟಿಯ ಪಕ್ಕ ಸೋಗೆಯ ಅಡಿಯಲ್ಲಿ ಬಿದ್ದುಕೊಂಡಿತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಆದರೆ ನಿಮ್ಮ ಮಗ ನನ್ನ ಮುಖ ನೋಡುವುದನ್ನೇ ಬಿಟ್ಟರು. ಊಟಕ್ಕೆ ಕೂತರೆ ಬಾಳೆಲೆ ನೋಡುತ್ತಿದ್ದರು, ಮಾತಾಡಿದರೆ ಕಂಬದ ಹತ್ತಿರ ಮಾತಾಡಿದ ಹಾಗೆ. ನನಗೆ ಮಗು ಹೋದ ದುಃಖಕ್ಕಿಂತ ಆ ಮೌನವೇ ಹೆಚ್ಚು ಸುಡುತ್ತಿತ್ತು. ಇದನ್ನು ಬಾಯಿಬಿಟ್ಟು ನಿಮಗೆ ಹೇಳಲಿಲ್ಲ; ನಿಮಗೆ ಗೊತ್ತಿತ್ತು ಎಂದು ಈಗ ತಿಳಿಯುತ್ತದೆ.

ಮರುವರ್ಷ ಮತ್ತೆ ಬಸುರಿಯಾದೆ. ಏಳು ತಿಂಗಳಿಗೆ ಬಯಕೆಯ ಊಟ ಮಾಡಿಸಿ ತವರಿಗೆ ಕಳುಹಿಸುವ ಮಾತು ಬಂತು. ಬೆಳುವಾಯಿಯಿಂದ ಕಲ್ಲಡ್ಕಕ್ಕೆ ಮೂಡಬಿದಿರೆ, ಸಿದ್ಧಕಟ್ಟೆ, ಬಂಟ್ವಾಳ ಎಲ್ಲ ದಾಟಿ ಹೋಗಬೇಕು. "ನಿಧಾನಕ್ಕೆ ಬಸ್ಸಿನಲ್ಲಿ ಹೋಗುವ, ನಾನೂ ಬರ್ತೇನೆ" ಎಂದಿರಿ. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, ನಾನು ಅದೇ ಕಾರಿನಲ್ಲಿ ಹೋಗುತ್ತೇನೆ ಎಂದುಬಿಟ್ಟೆ. ಬಸ್ಸು ಹತ್ತಿದರೆ ಇವರು ಜನ್ಮದಲ್ಲಿ ನನ್ನ ಮುಖ ನೋಡಲಾರರು ಎಂದು ನನಗೆ ಖಾತ್ರಿ ಇತ್ತು. ನೀವು ಕೈಯಲ್ಲಿದ್ದ ವೀಳ್ಯದೆಲೆ ಕೆಳಗಿಟ್ಟು "ಹುಚ್ಚಾ ಮಗಾ ನಿನಗೆ?" ಎಂದಿರಿ. ಸ್ವಲ್ಪ ಹುಚ್ಚೇ ಇರಬೇಕು.

ಆಮೇಲೆ ನಿಮ್ಮ ಮಗ ಕೋಳಿಗಳನ್ನು ಓಡಿಸಿ ಕಾರನ್ನು ಹೊರಗೆ ತೆಗೆದರು. ಎಂಜಿನ್ ಹೇಗೋ ಎಚ್ಚರವಾಯಿತು. ಆದರೆ ಎಡಕ್ಕೆ ಎಳೆಯುವ ಚಾಳಿ ಹೋಗಲಿಲ್ಲ. ಮುಂದಿನ ಎರಡು ಚಕ್ರಗಳನ್ನು ಕೂಡಿಸುವ ಸಲಾಕೆ ಒಂದುಂಟು, ಅದನ್ನು ತಿರುಗಿಸಿ ಚಕ್ರಗಳ ಮುಖ ಸರಿಮಾಡಬೇಕು ಎಂದು ಅವರಿಗೆ ಗೊತ್ತಿತ್ತು. ರಸ್ತೆಯ ಬದಿಯಲ್ಲಿ ನಿಲ್ಲಿಸಿ ಅಳೆದರು, ತಿರುಗಿಸಿದರು. ಓಡಿಸಿದರೆ ಮತ್ತೆ ಎಡಕ್ಕೆ. ಓರೆ ನೆಲದಲ್ಲಿ ಅಳತೆ ಕೂರುವುದಿಲ್ಲ. ಊರಿನಲ್ಲಿ ಸಮ ನೆಲ ಇದ್ದದ್ದು ಒಂದೇ, ಅದನ್ನು ಕೇಳುವ ಗಂಡೆದೆ ಯಾರಿಗೂ ಇರಲಿಲ್ಲ.

ಆ ಸಂಜೆ ಅವರು ಕಾರಿನ ಅಡಿಯಲ್ಲಿ ಮಲಗಿದ್ದರು. ನಾನು ಜಗಲಿಯಲ್ಲಿದ್ದೆ. ಅಡಿಯಿಂದ ಏನೋ ಸದ್ದು ಬರುತ್ತಿತ್ತು, ನಟ್ಟು ಬಿಗಿಯಾಗಿದೆ, ಅದಕ್ಕೆ ಬೈಯುತ್ತಿದ್ದಾರೆ ಎಂದುಕೊಂಡೆ. ನೀವು ಸೌದೆ ತರಲು ಹೋದವರು ಅಲ್ಲೇ ನಿಂತಿರಿ. ಹೆತ್ತ ಕಿವಿಗೆ ಮೋಸ ಇಲ್ಲ ಅತ್ತೆ. ಅದು ನಿಮ್ಮ ಮಗ ಅಳುವ ಸದ್ದಾಗಿತ್ತು. ನೀವು ಸೌದೆ ಅಲ್ಲೇ ಬಿಟ್ಟು ಬಂದು, ಅಂಗಳಕ್ಕೆ ಅಡ್ಡ ಇಟ್ಟಿದ್ದ ಬಿದಿರನ್ನು ನಿಮ್ಮ ಕೈಯಿಂದಲೇ ಎತ್ತಿ ಬದಿಗಿಟ್ಟಿರಿ. "ಸುಧಾಕರ, ಅದನ್ನು ಇಲ್ಲಿಗೆ ತಾ" ಎಂದಿರಿ. ಅಷ್ಟೇ.

ಮರುದಿನ ಬೆಳಿಗ್ಗೆಯ ಬಿಸಿಲು ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಹೊಸ ಅಂಗಳದ ನಡುವೆ ಕಾರು ಯಾವುದೋ ದೂರದ ನೆಂಟನಂತೆ ನಾಚಿಕೊಂಡು ನಿಂತಿತ್ತು. ಅವರು ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ, ತಿರುಗಿಸುತ್ತಾ ಟಯರಿನ ನಡುವೆ ಸುತ್ತಲೂ ಗೆರೆ ಎಳೆಯಬೇಕಿತ್ತು. ಚಾಕ್ ಇರಲಿಲ್ಲ, ನೀವು ಎಲೆಪೆಟ್ಟಿಗೆ ತೆರೆದು ಸುಣ್ಣ ಕೊಟ್ಟಿರಿ. ಕಾರು ಇಳಿಸಿದ ಮೇಲೆ ಎರಡು ಬಿದಿರ ಕಡ್ಡಿ ಸೇರಿಸಿ, ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಚಕ್ರಗಳ ಹಿಂಬದಿಯಲ್ಲೊಮ್ಮೆ ಮುಂಬದಿಯಲ್ಲೊಮ್ಮೆ ಅಳತೆ. ಕಡ್ಡಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಷ್ಟೋ ತಿಂಗಳ ಮೇಲೆ ನಾವಿಬ್ಬರು ಸೇರಿ ಹಿಡಿದ ವಸ್ತು ಅದು.

"ಮುಂದೆ ಸ್ವಲ್ಪ ಕಮ್ಮಿ ಬರ್ಬೇಕು ಅಮ್ಮ, ಒಂದು ಭತ್ತದ ಅಗಲದಷ್ಟು" ಎಂದರು ಅವರು. ನೀವು ಒಳಗೆ ಹೋಗಿ ಕಳಸೆಗೆ ಕೈ ಹಾಕಿ ಭತ್ತ ತಂದಿರಿ. ಒಂದೊಂದನ್ನೇ ಬಿಸಿಲಿಗೆ ಹಿಡಿದು, ಇದು ಪೊಳ್ಳು, ಇದು ಬಡಕಲು ಎಂದು ಎಸೆದು, ಕೊನೆಗೆ ಒಂದನ್ನು ಆರಿಸಿದಿರಿ. ಮದುವೆಗೆ ಹುಡುಗಿ ನೋಡುವಾಗಲೂ ಇಷ್ಟು ನೋಡಿರಲಿಲ್ಲವೇನೋ. ಮತ್ತೆ ಕೇಳಿದಿರಿ, "ಸರಿ ನೇರ ಇಟ್ರೆ ಏನು?"

"ನಿಂತಾಗ ಎರಡೂ ಸ್ವಲ್ಪ ಒಳಗೆ ನೋಡ್ಬೇಕು. ಓಡುವಾಗ ರಸ್ತೆ ಅವನ್ನು ಹೊರಗೆ ತಳ್ತದೆ. ಆಗ ನೇರ ಆಗ್ತದೆ."

ನೀವು ಕಡ್ಡಿಯ ಆ ತುದಿಯಲ್ಲಿದ್ದ ಅವರನ್ನೂ ಈ ತುದಿಯಲ್ಲಿದ್ದ ನನ್ನನ್ನೂ ನೋಡಿ, "ತಗಡಿಗಿರುವ ಬುದ್ಧಿ ಕೆಲವರಿಗಿಲ್ಲ" ಎಂದು ಒಳಗೆ ಹೋದಿರಿ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನನಗೆ ನಗು ಬಂತು, ಅವರಿಗೂ ಬಂತು, ಆಮೇಲೆ ಇಬ್ಬರಿಗೂ ಅಳು.

ಬಯಕೆ ಮುಗಿದು ಹೊರಟ ದಿನ, ತಗಡಿಗೆ ಕಾಲಿಡಲಾರೆ ಎಂದಿದ್ದ ನೀವು ಎಲೆಪೆಟ್ಟಿಗೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿರಿ. ಸಿದ್ಧಕಟ್ಟೆಯ ಹತ್ತಿರ ನಾನು ಕಣ್ಣು ಮುಚ್ಚಿದೆ. ತಿರುವು ದಾಟಿ ನೇರ ರಸ್ತೆ ಬಂದ ಮೇಲೆ ಅವರು "ನೋಡು" ಎಂದರು. ಕಣ್ಣು ಬಿಟ್ಟರೆ ಅವರ ಎರಡೂ ಕೈ ಮಡಿಲಿನಲ್ಲಿದ್ದವು. ಕಾರು ತನ್ನಷ್ಟಕ್ಕೆ ಗದ್ದೆಗಳ ನಡುವೆ ನೇರ ತೇಲಿಹೋಗುತ್ತಿತ್ತು. ಇದು ಮುಗಿಯದೇ ಇರಲಿ ಎಂದು ಬೇಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ನಿಮ್ಮ ಕೂಗು: "ಕೈ ಇಡು ಮಾರಾಯ!"

ಹೆರಿಗೆಯಾಗಿ ಮಗಳನ್ನು ಎತ್ತಿಕೊಂಡು ಬಿಸಿಲು ಕಾಲದಲ್ಲಿ ಮರಳಿದೆ. ಅಂಗಳದ ಹೊರಗೆ ಅವರು ಕಾರು ನಿಲ್ಲಿಸಿದರು. ನೋಡುತ್ತೇನೆ, ನಾವು ಹೋದ ದಿನದ ಎರಡು ಚಕ್ರದ ಗೆರೆ ಹಾಗೇ ಉಂಟು. ಅಷ್ಟು ತಿಂಗಳು ನೀವು ಅವುಗಳ ಆಚೆ ಈಚೆ ಸಾರಿಸಿದ್ದಿರಿ, ಗೆರೆಯ ಮೇಲೆ ಕೈ ಎಳೆದಿರಲಿಲ್ಲ. ನೆರೆಮನೆಯ ಸುಂದರಿ ನಕ್ಕದ್ದಕ್ಕೆ "ಹೋದವರಿಗೆ ಬರ್ಲಿಕ್ಕೆ ದಾರಿ ಬೇಡ್ವಾ?" ಎಂದಿದ್ದಿರಂತೆ. "ಹೊರಗೆ ಯಾಕೆ ನಿಂತದ್ದು? ಗೆರೆ ಮೇಲೆ ತಾ" ಎಂದು ಮಗನನ್ನು ಗದರಿಸಿ, ಮಗುವಿಗೆ ಕೆಂಪು ನೀರು ನಿವಾಳಿಸಿ, ಉಳಿದದ್ದನ್ನು ಮುಂದಿನ ಚಕ್ರಗಳಿಗೆ ಹೊಯ್ದಿರಿ.

ಈ ಸಲದ ಆಟಿ ತಿಂಗಳ ಮಳೆಯಲ್ಲಿ ನಿಮ್ಮನ್ನು ಅದೇ ಕಾರಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. "ಕೈ ಬಿಡಬೇಡ ಮತ್ತೆ" ಎಂದು ಮಗನಿಗೆ ತಮಾಷೆ ಮಾಡಿದಿರಿ. ಮರಳಿ ಬಂದದ್ದು ಮಾತ್ರ ಯಾರದೋ ಲಾರಿಯಲ್ಲಿ, ರಸ್ತೆಯವರೆಗೆ. ಅಲ್ಲಿಂದ ಹೆಗಲ ಮೇಲೆ. ಅಂಗಳ ಪೂರ್ತಿ ಕೆಸರಾಗಿತ್ತು, ಯಾವ ಗೆರೆಯೂ ಇರಲಿಲ್ಲ.

ಮೊನ್ನೆ ಅವರು ಕಾರನ್ನು ಅಂಗಳಕ್ಕೆ ತಂದು ಮತ್ತೆ ಚಕ್ರ ಸರಿಮಾಡಿದರು. ಭತ್ತ ಆರಿಸಿದ್ದು ನಿಮ್ಮ ಮೊಮ್ಮಗಳು; ಪೊಳ್ಳು ಎಸೆಯುವ ಗತ್ತು ನಿಮ್ಮದೇ. ಇವತ್ತು ನಾನು ಸಾರಿಸಲು ಬಗ್ಗಿದೆ. ಎಲ್ಲ ಕಡೆ ಕೈ ಹೋಯಿತು, ಚಕ್ರದ ಆ ಎರಡು ಗೆರೆಯ ಹತ್ತಿರ ಬಂದು ನಿಂತಿತು. "ಇದನ್ನು ಯಾಕೆ ಬಿಟ್ಟದ್ದು ಅಮ್ಮ, ಯಾರು ಬರ್ಲಿಕ್ಕುಂಟು?" ಎಂದು ಮಗಳು ಕೇಳಿದಳು. ನಾನು ಬಾಲ್ದಿ ಎತ್ತಿಕೊಂಡು ಗೆರೆಯ ಆಚೆ ಬದಿ ಸಾರಿಸಲು ಹೋದೆ.

ಗೆರೆ ಹಾಗೇ ಉಂಟು ಅತ್ತೆ. ಬಿಸಿಲು ತಗ್ಗಿದ ಮೇಲೆ ಬನ್ನಿ. ಅಲ್ಲಿಯವರೆಗೆ ನಿಮ್ಮ ಕೈ ನಮ್ಮ ಮೂವರ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ವಿನೋದಾ